ಕಸ ಗುಡಿಸುವವರ ಪಟ್ಟಿ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹಾಡಿಯಿಂದ, ಅಂದರೆ ಆದಿವಾಸಿಗಳ ವಸತಿಯಿಂದ ಬರುವ ಯರವ, ಜೇನುಕುರುಬ ಮಕ್ಕಳು, ಕಾಫಿ ತೋಟದ ಕೂಲಿಯವರ ಲೈನ್‌ಮನೆ ಮಕ್ಕಳು, ಅಸ್ಸಾಂನಿಂದ ಬಂದ ಕೆಲಸಗಾರರ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ.

ತಾರತಮ್ಯದ ಪಾಠ ಬಂದಾಗ ಜೊತೆಯ ಶಿಕ್ಷಕರೊಬ್ಬರು ಜೇನ್ ಎಲಿಯಟ್ ಎಂಬ ಶಿಕ್ಷಕಿಯ ಪ್ರಯೋಗ ಮಾಡಿಸೋಣ ಎಂದರು. 1968ರ ಏಪ್ರಿಲ್ 4ರಂದು, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಮರುದಿನವೇ ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಈ ಶಿಕ್ಷಕಿ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದರು. ಕಂದು ಕಣ್ಣಿನವರು ಮೇಲು, ನೀಲಿ ಕಣ್ಣಿನವರು ಕೀಳು. ಕೀಳಾದವರಿಗೆ ಆಟದ ಸಮಯ ಕಡಿಮೆ, ನೀರು ಕುಡಿಯಲು ಬೇರೆ ಲೋಟ. ಆಮೇಲೆ ಅದಲು ಬದಲು.

ನಾನು ಬೇಡ ಎಂದೆ. ಅಲ್ಲಿದ್ದವರು ಬಿಳಿಯ ಮಕ್ಕಳು. ಬಣ್ಣದ ಕಾರಣಕ್ಕೆ ಸಿಗುವ ಅವಮಾನ ಅವರಿಗೆ ಗೊತ್ತಿರಲಿಲ್ಲ. ನಮ್ಮ ಹಾಡಿಯ ಮಗುವಿಗೆ ಅದು ದಿನಾ ಗೊತ್ತಾಗುತ್ತಿದೆ. ಗೊತ್ತಿರುವವರಿಗೇ ಮತ್ತೆ ಯಾಕೆ ನೋವು ಕೊಡಬೇಕು? ತಿಳಿಯಬೇಕಾದವರು ಉಳಿದ ಮಕ್ಕಳು.

ಹಾಗಾಗಿ ಅಂಬೇಡ್ಕರ್ ಅವರ ಬಾಲ್ಯದ ಕತೆ ಹೇಳಿದೆ. ಕೂರಲು ಅವರು ಮನೆಯಿಂದಲೇ ಗೋಣಿತಟ್ಟು ತರಬೇಕಿತ್ತು. ಶಾಲೆಯ ಜವಾನ ನಲ್ಲಿ ತಿರುಗಿಸಿದರೆ ಮಾತ್ರ ನೀರು. ಅವನು ಬಾರದ ದಿನ ಬಾಯಾರಿಕೆಯೇ ಗತಿ. ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 15ನೇ ವಿಧಿ, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಗಳನ್ನೂ ಓದಿದೆವು. "ಅದೆಲ್ಲ ಆಗಿನ ಕಾಲದಲ್ಲಿ ಸಾರ್" ಎಂದರು ಮಕ್ಕಳು.

ಸರಿ, ಈಗಿನ ಕಾಲ ನೋಡೋಣ ಎಂದು ಒಂದು ಕೆಲಸ ಕೊಟ್ಟೆ. ನಮ್ಮ ಶಾಲೆಯಲ್ಲಿ ಯಾವ ಕೆಲಸಕ್ಕೆ ಯಾರು ಹೋಗುತ್ತಾರೆ ಎಂದು ಒಂದು ವಾರ ಗಮನಿಸಿ ಬರೆಯಬೇಕು. ಹೆಸರು ಬೇಡ, ಎಲ್ಲಿಂದ ಬರುವವರು ಎಂದಷ್ಟೇ ಸಾಕು.

ಬರೆದು ತಂದದ್ದನ್ನು ಬೋರ್ಡಿನ ಮೇಲೆ ಹಾಕಿದಾಗ ವ್ಯತ್ಯಾಸ ಎದ್ದು ಕಂಡಿತು. ಪ್ರಾರ್ಥನೆ ಹೇಳುವವರು, ಅತಿಥಿಗಳಿಗೆ ಹೂಗುಚ್ಛ ಕೊಡುವವರು ಪೇಟೆ ಮಕ್ಕಳು. ಕಸ ಗುಡಿಸುವುದು, ಶೌಚಾಲಯಕ್ಕೆ ನೀರು ಹೊರುವುದು ಹಾಡಿ ಮತ್ತು ಲೈನ್‌ಮನೆ ಮಕ್ಕಳ ಪಾಲು. ಇದನ್ನು ಯಾರೂ ಕೂತು ತೀರ್ಮಾನಿಸಿರಲಿಲ್ಲ, ಸುಮ್ನೆ ನಡೆದುಕೊಂಡು ಬಂದಿತ್ತು. ಒಬ್ಬ ಹುಡುಗ, "ಅವರಿಗೆ ಅಭ್ಯಾಸ ಇದೆ ಸಾರ್" ಎಂದ. ಅಷ್ಟಾಗಿ ಮಾತಾಡದ ಯರವ ಹುಡುಗಿ ಎದ್ದು ನಿಂತಳು. "ಹೂ ಕೊಡೋಕೂ ಅಭ್ಯಾಸ ಬೇಕಾ?"

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಹಾಡಿಯವರಿಗೆ ಓದು ಹತ್ತಲ್ಲ, ಅದಕ್ಕೇ ಶಾಲೆ ತಪ್ಪಿಸುತ್ತಾರೆ ಎಂದಿತು ಒಂದು ಮಗು. ಯಾಕೆ ತಪ್ಪಿಸುತ್ತಾರೆ ಎಂದು ಅವರನ್ನೇ ಕೇಳಿ ಎಂದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮ ಬೆಳಿಗ್ಗೆಯೇ ತೋಟಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವವರು ಯಾರು? ದಾರಿಯಲ್ಲಿ ಆನೆ ನಿಂತಿದ್ದರೆ? 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ತನ್ನ ಅಕ್ಕನ ಓದು ನಿಂತೇ ಹೋಯಿತು ಎಂದ ಇನ್ನೊಬ್ಬ. ಇಷ್ಟು ದಿನ ಇದನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ. ಆ ದಿನದ ಪಾಠಗಳಲ್ಲಿ ನನಗೆ ಇದೇ ದೊಡ್ಡದು.

ಈಗ ಎಲ್ಲ ಕೆಲಸವೂ ಹಾಜರಿ ಸಂಖ್ಯೆಯ ಪ್ರಕಾರ. ತಂದೆಯೊಬ್ಬರು ಬಂದು, ನನ್ನ ಮಗ ಯಾಕೆ ಪೊರಕೆ ಹಿಡಿಯಬೇಕು ಎಂದು ಜೋರು ಮಾಡಿದರು. ಪಟ್ಟಿ ತೋರಿಸಿದೆ. ಒಪ್ಪದೆಯೇ ಹೋದರು. ಮಗ ಮಾತ್ರ ತನ್ನ ಸರದಿ ಬಿಡುತ್ತಿಲ್ಲ.

ಇನ್ನೊಂದು ಬಾಕಿಯಿದೆ. ಅಸ್ಸಾಂ ಮಕ್ಕಳನ್ನು ಆಟದಲ್ಲಿ "ಬಾಂಗ್ಲಾ" ಎಂದು ಕರೆಯುತ್ತಾರೆ. ಮನೆಯಲ್ಲಿ ಕೇಳಿದ್ದನ್ನೇ ಇಲ್ಲಿ ಹೇಳುತ್ತಾರೆ, ಅಲ್ವಾ? ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ.