ಚಮಚದ ಅರಿಶಿನ, ಮಾತ್ರೆಯ ಅರಿಶಿನ

ನನಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ದೀರ್ಘಕಾಲದ ಕಾಯಿಲೆ, ಇದೆಯೆಂದು ಗೊತ್ತಾಗಿ ಎಂಟು ವರ್ಷಗಳಾದವು. ಅದಕ್ಕೂ ಮೊದಲಿನ ಆರೇಳು ತಿಂಗಳು ಮಲದಲ್ಲಿ ರಕ್ತ ಕಂಡಾಗಲೆಲ್ಲ ಮೂಲವ್ಯಾಧಿ ಇರಬಹುದೆಂದು ಮುಲಾಮು ಹಚ್ಚಿಕೊಂಡೆ, ಆಮಶಂಕೆಯೆಂದು ಎರಡು ಸಲ ಮಾತ್ರೆ ನುಂಗಿದೆ. ಕೊನೆಗೆ ಕೊಲೊನೋಸ್ಕೊಪಿ (ಕ್ಯಾಮೆರಾ ನಳಿಕೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡಕರುಳಿನ ಎಡಭಾಗದ ಒಳಪದರವೆಲ್ಲ ಕೆಂಪಗೆ ಊದಿಕೊಂಡು, ಅಲ್ಲಲ್ಲಿ ಹುಣ್ಣಾಗಿರುವುದು ಕಂಡಿತು. ಅಂದಿನಿಂದ ಇಂದಿನವರೆಗೆ ಬಂಧುಗಳಿಂದ, ಸಹೋದ್ಯೋಗಿಗಳಿಂದ, ಬಸ್ಸಿನಲ್ಲಿ ಪಕ್ಕ ಕುಳಿತವರಿಂದಲೂ ನನಗೆ ಸಿಕ್ಕಿರುವ ಸಲಹೆ ಒಂದೇ: ಅರಿಶಿನ ತಿನ್ನಿ, ಶುಂಠಿ ಕಷಾಯ ಕುಡಿಯಿರಿ. ಆ ಸಲಹೆಯಲ್ಲಿ ಹುರುಳಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಎಷ್ಟು ಹುರುಳಿದೆ, ಎಲ್ಲಿಯವರೆಗೆ ಇದೆ ಎಂದು ತಿಳಿಯದೆ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಎರಡನೆಯ ವರ್ಷದಲ್ಲಿ ನಾನು ಪೂರ್ತಿ ಗುಣವಾದಂತೆ ಇದ್ದೆ. ಕರುಳಿನ ಉರಿಯೂತ ತಡೆಯಲು ದಿನವೂ ನುಂಗುತ್ತಿದ್ದ ಮೆಸಲಮೈನ್ ಮಾತ್ರೆ ಇನ್ನೇಕೆ ಎನ್ನಿಸಿತು. ವೈದ್ಯರಿಗೆ ತಿಳಿಸದೆ ಅದನ್ನು ನಿಲ್ಲಿಸಿ, ಬೆಳಿಗ್ಗೆ ಒಂದು ಲೋಟ ಅರಿಶಿನದ ಹಾಲು, ಸಂಜೆ ಶುಂಠಿ ಕಷಾಯ ಎಂದು ನಿಯಮ ಮಾಡಿಕೊಂಡೆ. ಎರಡೂವರೆ ತಿಂಗಳು ಚೆನ್ನಾಗಿಯೇ ಕಳೆದವು. ಮೂರನೆಯ ತಿಂಗಳು ಮುಗಿಯುವ ಮೊದಲೇ ದಿನಕ್ಕೆ ಹನ್ನೆರಡು ಬಾರಿ ಶೌಚಕ್ಕೆ ಓಡುವ ಸ್ಥಿತಿ ಬಂದು, ಆಸ್ಪತ್ರೆ ಸೇರಿ, ಸ್ಟೆರಾಯ್ಡ್ ತೆಗೆದುಕೊಳ್ಳಬೇಕಾಯಿತು. ಅಂದು ನನ್ನನ್ನು ನೋಡಿದ ವೈದ್ಯರು ಬೈಯಲಿಲ್ಲ. "ಅರಿಶಿನ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲಮ್ಮ, ಮಾತ್ರೆ ಬಿಟ್ಟು ತಿನ್ನಬೇಡಿ ಎನ್ನುತ್ತೇನೆ" ಎಂದಷ್ಟೇ ಹೇಳಿದರು.

ಆಮೇಲೆ ಹುಡುಕಿ ಓದಿದಾಗ ಅವರ ಮಾತಿನ ಅರ್ಥ ಸ್ಪಷ್ಟವಾಯಿತು. 2006ರಲ್ಲಿ ಜಪಾನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಕೊಲೈಟಿಸ್ ಶಮನಗೊಂಡಿದ್ದವರಿಗೆ ಅವರ ಎಂದಿನ ಔಷಧಿಯ ಜೊತೆಗೆ ಆರು ತಿಂಗಳು ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದಿಂದ ಬೇರ್ಪಡಿಸಿದ ಹಳದಿ ಸಾರವನ್ನು ಕೊಟ್ಟರು. ಅದನ್ನು ತೆಗೆದುಕೊಂಡ 43 ಜನರಲ್ಲಿ ಇಬ್ಬರಿಗೆ ಮಾತ್ರ ರೋಗ ಮರುಕಳಿಸಿತು. ಹೋಲಿಕೆಗೆಂದು ಔಷಧಿಯಿಲ್ಲದ ಹುಸಿಮಾತ್ರೆ ತೆಗೆದುಕೊಂಡ 39 ಜನರಲ್ಲಿ ಎಂಟು ಮಂದಿಗೆ ಮರುಕಳಿಸಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೆಸಲಮೈನ್‌ಗೆ ಬಗ್ಗದ ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಕಾಯಿಲೆಯವರಿಗೆ ದಿನಕ್ಕೆ 3 ಗ್ರಾಂ ಕೊಟ್ಟಾಗ, ಒಂದೇ ತಿಂಗಳಲ್ಲಿ 26 ಜನರಲ್ಲಿ 14 ಮಂದಿಗೆ ರೋಗ ಶಮನವಾಯಿತು. ಹುಸಿಮಾತ್ರೆಯವರಲ್ಲಿ ಒಬ್ಬರಿಗೂ ಆಗಲಿಲ್ಲ. ಎರಡೂ ಸಣ್ಣ ಅಧ್ಯಯನಗಳೇ. ಎರಡರಲ್ಲೂ ರೋಗಿಗಳು ತಮ್ಮ ಔಷಧಿಯನ್ನು ಬಿಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು.

ಇಲ್ಲಿ ಅಡುಗೆಮನೆಯ ಲೆಕ್ಕವೊಂದನ್ನು ಹಾಕಿ ನೋಡಬೇಕು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಒಂದು ಟೀ ಚಮಚ ಪುಡಿ ಮೂರು ಗ್ರಾಂ ತೂಗುತ್ತದೆ ಎಂದುಕೊಂಡರೆ ಅದರಲ್ಲಿರುವ ಸಾರ 90 ಮಿಲಿಗ್ರಾಂ. ಜಪಾನಿನ ಪ್ರಮಾಣವನ್ನು ಮುಟ್ಟಬೇಕಾದರೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಚಮಚ ತಿನ್ನಬೇಕು. ದೆಹಲಿಯ ಏಮ್ಸ್ ವೈದ್ಯರು ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿ, 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅಷ್ಟು ಕಡಿಮೆ ಪ್ರಮಾಣ ಹುಸಿಮಾತ್ರೆಗಿಂತ ಮೇಲಲ್ಲ ಎಂದು ಕಂಡುಬಂತು. ಅದೂ ಐದು ಚಮಚ ಪುಡಿಗೆ ಸಮ! ನಾನು ಹಾಲಿಗೆ ಹಾಕುತ್ತಿದ್ದುದು ಕಾಲು ಚಮಚ. ಅಷ್ಟರಿಂದ ದೊಡ್ಡಕರುಳಿನ ಉರಿಯೂತವನ್ನು ತಡೆಯುತ್ತೇನೆಂದು ನಂಬಿ ಕೂತಿದ್ದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಕರಿಮೆಣಸು ಸೇರಿಸಿದರೆ ಸಾಕು ಎನ್ನುವವರೂ ಇದ್ದಾರೆ. ಈ ಮಾತಿನ ಮೂಲ ನಮ್ಮ ಬೆಂಗಳೂರಿನಲ್ಲೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸಾರವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿತು. ಜಗತ್ತಿನ ಎಷ್ಟೋ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸು ಸೇರಿಕೊಂಡಿದ್ದರ ಹಿಂದೆ ಈ ಫಲಿತಾಂಶವಿದೆ. ಆದರೆ ನಮ್ಮ ಕಾಯಿಲೆ ಇರುವುದು ರಕ್ತದಲ್ಲಲ್ಲ, ಕರುಳಿನ ಗೋಡೆಯಲ್ಲಿ. ರಕ್ತಕ್ಕೆ ಸೇರದೆ ಉಳಿದ ಕರ್ಕ್ಯುಮಿನ್ ನೇರವಾಗಿ ಆ ಗೋಡೆಗೇ ತಾಗುತ್ತದೆ. ಬೇರೆ ಕಾಯಿಲೆಗಳಲ್ಲಿ ಕೊರತೆ ಎನಿಸುವುದು ಇಲ್ಲಿ ಅನುಕೂಲವೂ ಆಗಬಹುದು. ಜೊತೆಗೆ ಪೈಪರಿನ್ ಬೇರೆ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಅರಿಶಿನದ ಕ್ಯಾಪ್ಸೂಲುಗಳಿಂದ, ಅದರಲ್ಲೂ ಮೆಣಸಿನ ಸಾರ ಬೆರೆತವುಗಳಿಂದ, ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ದಾಖಲಾಗಿವೆ. ಸಾರಿಗೆ ಕುಟ್ಟಿ ಹಾಕುವ ನಾಲ್ಕು ಕಾಳು ಮೆಣಸಿಗೆ ನಾನು ಹೆದರುವುದಿಲ್ಲ, ಕ್ಯಾಪ್ಸೂಲಿನ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪುವುದಿಲ್ಲ.

ಜೀರ್ಣನಾಳದ ಯಾವ ಭಾಗದಲ್ಲಾದರೂ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯವರು ಇದನ್ನೆಲ್ಲ ತಮಗೂ ಅನ್ವಯಿಸಿಕೊಳ್ಳಬಾರದು. ಫ್ರಾನ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದ ಕ್ರೋನ್ಸ್ ರೋಗಿಗಳಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟರೂ ರೋಗ ಮರುಕಳಿಸುವುದು ತಪ್ಪಲಿಲ್ಲ.

ಶುಂಠಿಯ ವಿಷಯ ಬೇರೆ. ಇರಾನಿನಲ್ಲಿ 46 ಕೊಲೈಟಿಸ್ ರೋಗಿಗಳ ಮೇಲೆ ಹನ್ನೆರಡು ವಾರ ನಡೆದ ಅಧ್ಯಯನದಲ್ಲಿ ದಿನಕ್ಕೆ 2 ಗ್ರಾಂ ಒಣಶುಂಠಿ ಪುಡಿಯಿಂದ ತೊಂದರೆಗಳು ಇಳಿದುವೆಂದು ವರದಿಯಾಗಿದೆ. ನನ್ನ ಅನುಭವದಲ್ಲಿ ಶುಂಠಿ ರಕ್ತವನ್ನು ನಿಲ್ಲಿಸಿದ್ದಿಲ್ಲ; ಹೊಟ್ಟೆ ತೊಳಸುವುದನ್ನು, ಉಬ್ಬರವನ್ನು ಇಳಿಸಿ, ಊಟ ಸೇರುವಂತೆ ಮಾಡಿದ್ದುಂಟು. ತೂಕ ಇಳಿಯುತ್ತಿರುವ ರೋಗಿಗೆ ಅದು ಸಣ್ಣ ಉಪಕಾರವೇನಲ್ಲ. ರೋಗ ಕೆರಳಿದ ದಿನಗಳಲ್ಲಿ ಶುಂಠಿಯ ನಾರನ್ನು ಕರುಳು ಸಹಿಸುವುದಿಲ್ಲವೆಂದು ಅಮ್ಮ ಕಂಡುಕೊಂಡ ಕ್ರಮವೊಂದಿದೆ. ಹೆಬ್ಬೆರಳಿನ ತುದಿಯಷ್ಟು ಹಸಿಶುಂಠಿಯನ್ನು ತುರಿದು, ತೆಳ್ಳನೆ ಬಟ್ಟೆಯಲ್ಲಿ ಹಿಂಡಿ, ರಸವನ್ನು ಹತ್ತು ನಿಮಿಷ ಅಲುಗಿಸದೆ ಇಡುತ್ತಾಳೆ. ಬಟ್ಟಲಿನ ತಳದಲ್ಲಿ ಸುಣ್ಣದಂತೆ ಬಿಳಿ ಗಸಿ ನಿಲ್ಲುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ಮೆತ್ತಗೆ ಬೆಂದ ಅನ್ನದ ಗಂಜಿಗೆ ಉಪ್ಪಿನೊಂದಿಗೆ ಕಲಸುತ್ತಾಳೆ. ತುಪ್ಪದಲ್ಲಿ ಜೀರಿಗೆ ಸಿಡಿಸಿ, ಉರಿ ಆರಿಸಿದ ಮೇಲೆ ಚಿಟಿಕೆ ಅರಿಶಿನ ಹಾಕಿ ಮೇಲೆ ಸುರಿಯುತ್ತಾಳೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ; ಅಮ್ಮನಿಗೆ ಆ ಹೆಸರು ಗೊತ್ತಿಲ್ಲದಿದ್ದರೂ ಅರಿಶಿನವನ್ನು ತುಪ್ಪಕ್ಕೇ ಹಾಕಬೇಕೆಂಬುದು ಗೊತ್ತಿದೆ. ಅರಿಶಿನದ ಹಾಲನ್ನು ಮಾತ್ರ ನಾನು ಬಿಟ್ಟಿದ್ದೇನೆ, ಕಾಯಿಲೆ ಕೆರಳಿದಾಗ ನನಗೆ ಹಾಲೇ ಒಗ್ಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗುವವರು ವೈದ್ಯರನ್ನು ಕೇಳದೆ ಹೆಚ್ಚು ಅರಿಶಿನದ ಗೊಡವೆಗೆ ಹೋಗಬಾರದು. ಕರ್ಕ್ಯುಮಿನ್ ಕಬ್ಬಿಣಕ್ಕೆ ಅಂಟಿಕೊಳ್ಳುವ ಗುಣದ್ದಾದ್ದರಿಂದ, ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದವರೂ ಈ ಬಗ್ಗೆ ವಿಚಾರಿಸಬೇಕು. ಇನ್ನು ಕಲಬೆರಕೆ: ಹಳದಿ ಹೊಳೆಯಲೆಂದು ಸೀಸವಿರುವ ಲೆಡ್ ಕ್ರೋಮೇಟ್ ಎಂಬ ಬಣ್ಣ ಬೆರೆಸುವುದು ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಪತ್ತೆಯಾಗಿದೆ. ಔಷಧಿಯೆಂದು ತಿನ್ನುವ ಪುಡಿಯಿಂದಲೇ ಮೈಗೆ ಸೀಸ ಸೇರುವಂತಾಗಬಾರದು. ಆದ್ದರಿಂದ ನಮ್ಮ ಮನೆಗೆ ಅರಿಶಿನ ಬರುವುದು ಊರಿನಿಂದ. ಹಿತ್ತಿಲಲ್ಲಿ ಅಗೆದ ಗಡ್ಡೆಯನ್ನು ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಕೊಂಬುಗಳಾಗಿಯೇ ಕಳಿಸುತ್ತಾರೆ, ನಾನು ಇಲ್ಲಿ ಕುಟ್ಟಿಕೊಳ್ಳುತ್ತೇನೆ.

ಕಳೆದ ವರ್ಷ ನನ್ನ ವೈದ್ಯರೇ ಕರ್ಕ್ಯುಮಿನ್ ಕ್ಯಾಪ್ಸೂಲನ್ನು ಬರೆದುಕೊಟ್ಟರು, ಮೆಸಲಮೈನ್ ಜೊತೆಗೆ, ಮೆಣಸಿನ ಸಾರವಿಲ್ಲದ್ದನ್ನು. ಮೂರು ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆ, ಕರುಳಿನ ಉರಿಯೂತವನ್ನು ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಬೇಕೆಂದು ಚೀಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಮುಂದಿನ ಪರೀಕ್ಷೆ ಈ ತಿಂಗಳ ಕೊನೆಯ ವಾರದಲ್ಲಿದೆ.