ಹಕ್ಕಿ ಫೋಟೋ ಮಸುಕಾಗಿದ್ದರೆ ಮೊದಲು ಕೊಂಬೆ ನೋಡಿ

ಕಳಿಸಿದ ಹಕ್ಕಿ ಫೋಟೋಗಳನ್ನು ನೋಡಿ, ಅಚ್ಚಿಗೆ ಯಾವುದು ಹೋಗಬೇಕು ಅಂತ ಆರಿಸುವುದು ನನ್ನ ಕೆಲಸ. ಕಳಿಸುವವರಲ್ಲಿ ಹೊಸಬರೇ ಜಾಸ್ತಿ. ಫೋಟೋ ವಾಪಸ್ ಹೋದ ಕೂಡಲೇ ಹೆಚ್ಚಿನವರು ಕ್ಯಾಮೆರಾ ಸರಿಯಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಮಸುಕಿನಲ್ಲೂ ಬಗೆಗಳಿವೆ. ನಿಮ್ಮದು ಯಾವ ಬಗೆ ಅಂತ ಗೊತ್ತಾಗದೆ ದುಡ್ಡು ಸುರಿದರೆ ಹೊಸ ಕ್ಯಾಮೆರಾದಲ್ಲೂ ಅದೇ ಮಸುಕು ಬರುತ್ತದೆ.

ಫೋಟೋವನ್ನು ಪೂರ್ತಿ ದೊಡ್ಡದು ಮಾಡಿದಾಗ ನನ್ನ ಕಣ್ಣು ಮೊದಲು ಹೋಗುವುದು ಹಕ್ಕಿ ಕೂತಿರುವ ಕೊಂಬೆಗೆ. ಕೊಂಬೆ, ಹಕ್ಕಿ ಎರಡೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ಕ್ಯಾಮೆರಾ. ತೊಗಟೆಯ ಗೆರೆಗಳು ಎಣಿಸುವಷ್ಟು ಚೆನ್ನಾಗಿವೆ, ಹಕ್ಕಿಯ ಉಗುರೂ ಕಾಣುತ್ತಿದೆ, ತಲೆ ಮಾತ್ರ ಕದಡಿದೆ ಅಂದರೆ ಅಲುಗಿದ್ದು ಹಕ್ಕಿ. ಹಕ್ಕಿ ಪೂರ್ತಿ ಮಸುಕಾಗಿ ಹಿಂದಿನ ಎಲೆ ನಿಚ್ಚಳವಾಗಿದ್ದರೆ ಫೋಕಸ್ ತಪ್ಪಿದೆ. ಇಡೀ ಫ್ರೇಮಿನಲ್ಲಿ ಒಂದೂ ಗಟ್ಟಿ ಅಂಚು ಸಿಗದೆ ಎಲ್ಲವೂ ಅಲೆಅಲೆಯಾಗಿದ್ದರೆ ಅದು ಬಿಸಿ ಗಾಳಿಯ ಕೆಲಸ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ನನ್ನ ಮುಂದೆ ಬರುವುದರಲ್ಲಿ ಮೊದಲ ಎರಡೇ ಹೆಚ್ಚು, ಎರಡಕ್ಕೂ ಕಾರಣ ಶಟರ್ ವೇಗ (ಕ್ಯಾಮೆರಾದ ಪರದೆ ತೆರೆದು ಮುಚ್ಚುವ ವೇಗ) ಸಾಲದಿರುವುದು. ಫೈಲ್‌ನಲ್ಲಿ ದಾಖಲಾದ ಸೆಟ್ಟಿಂಗ್ ತೆರೆದು ನೋಡಿದರೆ 400 ಎಂಎಂ ಲೆನ್ಸ್‌ಗೆ 1/160, 1/200 ಸೆಕೆಂಡ್ ಅಂತ ಇರುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳೆಯ ಲೆಕ್ಕ ಒಂದಿದೆ: 400 ಎಂಎಂ ಆದರೆ ಕನಿಷ್ಠ 1/400, ಅದೇ ಲೆನ್ಸ್ 1.5 ಪಟ್ಟು ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಫಲಕ ಚಿಕ್ಕದಿರುವ) ಕ್ಯಾಮೆರಾದಲ್ಲಿದ್ದರೆ 1/600. ಸ್ಟೆಬಿಲೈಸೇಶನ್ ಇದೆಯಲ್ಲ ಅಂತೀರಾ? ಅದು ನಿಮ್ಮ ಕೈ ನಡುಕ ನೋಡಿಕೊಳ್ಳುತ್ತದೆ, ಹಕ್ಕಿ ಕತ್ತು ತಿರುಗಿಸಿದರೆ ಅದಕ್ಕೇನೂ ಮಾಡಲಾಗದು. ಅಲ್ಲಾಡದೆ ನಿಂತ ಕೊಕ್ಕರೆಗೆ 1/500 ಸಾಕು. ಒಂದು ಕಡೆ ನಿಲ್ಲದ ಪುಟ್ಟ ಹಕ್ಕಿಗಳಿಗೆ 1/1000 ಇಲ್ಲವೇ ಅದಕ್ಕಿಂತ ಮೇಲೆ. ಹಾರುವಾಗ 1/2000ದಿಂದ ಶುರು ಮಾಡಿ. ಸಣ್ಣ ಹಕ್ಕಿ ಹಾರುವಾಗ 1/3200 ಇಟ್ಟರೂ ರೆಕ್ಕೆಯ ತುದಿ ಕದಡಬಹುದು, ಕಣ್ಣು ಚೂಪಾಗಿದ್ದರೆ ನಾನು ಅದನ್ನು ತಪ್ಪು ಅಂತ ಎಣಿಸುವುದಿಲ್ಲ.

ಇಷ್ಟು ವೇಗ ಇಟ್ಟರೆ ಬೆಳಕು ಕಡಿಮೆ ಬಿದ್ದು, ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ ಏರುತ್ತೆ, ಫೋಟೋ ಕಾಳುಕಾಳಾಗುತ್ತೆ ಅನ್ನುವ ಭಯ ಹೊಸಬರಿಗೆ. ಆಗಲಿ ಬಿಡಿ! ಐಎಸ್‌ಒ 3200ರಲ್ಲಿ ತೆಗೆದ ಚೂಪಾದ ಫೋಟೋದ ಕಾಳುಗಳನ್ನು, ಅಂದರೆ ನಾಯ್ಸ್ ಅನ್ನು, ಸಾಫ್ಟ್‌ವೇರ್‌ನಲ್ಲಿ ತಗ್ಗಿಸಿ ಬಳಸಿಕೊಳ್ಳಬಹುದು, ಐಎಸ್‌ಒ 200ರಲ್ಲಿ ನುಣ್ಣಗೆ ಬಂದ ಮಸುಕು ಫೋಟೋ ಇಟ್ಟುಕೊಂಡು ಏನು ಮಾಡಲಿ? ಮ್ಯಾನುಯಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿಯ ಅಗಲ) ಎರಡನ್ನೂ ನೀವೇ ಗಟ್ಟಿ ಮಾಡಿಕೊಂಡು ಐಎಸ್‌ಒ ಆಟೋಗೆ ಬಿಟ್ಟರೆ ಅರ್ಧ ತಲೆನೋವು ಕಡಿಮೆ. ಐಎಸ್‌ಒ ಉಳಿಸಲು ಹೋಗಿ ಕತ್ತಲೆಯಾಗಿ ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಕು ಏರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ನೆರಳಲ್ಲಿದ್ದ ನಾಯ್ಸ್ ಎಲ್ಲ ಎದ್ದು ಕಾಣುತ್ತದೆ.

ಫೋಕಸ್ ಯಾಕೆ ಅಷ್ಟು ಸುಲಭವಾಗಿ ತಪ್ಪುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕ್ರಾಪ್ ಸೆನ್ಸರ್, 400 ಎಂಎಂ, ಅಪರ್ಚರ್ ಎಫ್ 5.6, ಹಕ್ಕಿ 10 ಮೀಟರ್ ದೂರ. ಆಗ ಮುಂದಿನಿಂದ ಹಿಂದಕ್ಕೆ ನಿಚ್ಚಳವಾಗಿ ಬರುವ ಜಾಗ ಸುಮಾರು 14 ಸೆಂಟಿಮೀಟರ್. ಅದೇ ಹಕ್ಕಿ 5 ಮೀಟರ್‌ನಲ್ಲಿ ಕೂತರೆ ಮೂರೂವರೆ ಸೆಂಟಿಮೀಟರ್ ಅಷ್ಟೇ! ನಿಮ್ಮ ಕಡೆ ಮುಖ ಮಾಡಿ ಕೂತ ಹಕ್ಕಿಯ ಕಣ್ಣು, ಬಾಲ ಎರಡೂ ಅದರೊಳಗೆ ಹಿಡಿಯುವುದು ಕಷ್ಟ ಅಲ್ವಾ? ಹಾಗಾಗಿ ಕಣ್ಣಿಗೆ ಫೋಕಸ್ ಮಾಡಿ, ಬಾಲ ಮಸುಕಾದರೆ ಆಗಲಿ. ಎರಡೂ ಬೇಕೇ ಬೇಕು ಅಂದರೆ ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. ಫೋಕಸ್ ಮೋಡ್ ಹಕ್ಕಿಯ ಹಿಂದೆಯೇ ಸಾಗುವ ಕಂಟಿನ್ಯುಯಸ್‌ನಲ್ಲೇ ಇರಲಿ. ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಎಎಫ್-ಸಿ ಅಂತಾರೆ, ಕ್ಯಾನನ್‌ನಲ್ಲಿ ಸರ್ವೋ. ಹಕ್ಕಿಯ ಕಣ್ಣು ತಾನೇ ಹುಡುಕುವ ಕ್ಯಾಮೆರಾ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಳ್ಳಿ, ಅಗಲದ ಏರಿಯಾ ಕೊಟ್ಟರೆ ಪೊದೆಯೊಳಗೆ ಅದು ಮುಂದಿನ ಕಡ್ಡಿಗೇ ಅಂಟಿಕೊಳ್ಳುತ್ತದೆ.

ಒಂದೊಂದೇ ಕ್ಲಿಕ್ ಬೇಡ, ನಾಲ್ಕೈದರ ಸಣ್ಣ ಗುಂಪಾಗಿ ತೆಗೆಯಿರಿ. ಬೆರಳು ಒತ್ತುವ ರಭಸಕ್ಕೆ ಮೊದಲನೆಯದು ಅಲುಗಿರುತ್ತದೆ, ಮಧ್ಯದವು ಉಳಿಯುತ್ತವೆ. ಹಕ್ಕಿಯ ಚಲನೆಯಲ್ಲೂ ನಿಲುಗಡೆಗಳಿವೆ. ಪಾರಿವಾಳ ನಡೆಯುವಾಗ ತಲೆ ಮುಂದಕ್ಕೆ ಚಾಚಿ, ಮೈ ಮುಂದೆ ಬರುವವರೆಗೆ ತಲೆಯನ್ನು ಅಲ್ಲೇ ನಿಲ್ಲಿಸುತ್ತದೆ. ಆ ಚೂರು ಹೊತ್ತಿನಲ್ಲಿ ಶಟರ್ ಬಿದ್ದರೆ ಕಡಿಮೆ ವೇಗದಲ್ಲೂ ಕಣ್ಣು ಚೂಪಾಗಿ ಸಿಗುತ್ತದೆ.

ಲೆನ್ಸ್ ಮೇಲೇ ಅನುಮಾನ ಇದ್ದರೆ ಮೊದಲು ಅದರ ಮುಂದಿನ ಅಗ್ಗದ ಯುವಿ ಫಿಲ್ಟರ್ ಬಿಚ್ಚಿ. ಟ್ರೈಪಾಡ್ ಮೇಲಿಟ್ಟು, ಟೈಮರ್ ಹಾಕಿ, ಅಲ್ಲಾಡದ ಅಕ್ಷರಗಳನ್ನು ತೆಗೆದು ನೋಡಿ. ಅಲ್ಲೂ ಮಸುಕಾದರೆ ರಿಪೇರಿಗೆ ಕೊಡಿ.

ಬಿಸಿ ಗಾಳಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಬಿಸಿಲು ಏರಿದ ಮೇಲೆ ದೂರದ ಬಯಲಿನ ಹಕ್ಕಿ ಮೇಲೆ ಶಟರ್ ವ್ಯರ್ಥ ಮಾಡುವುದಕ್ಕಿಂತ ಬೆಳಗ್ಗೆ ಬೇಗ ಹೋಗಿ. ಇಲ್ಲವೇ ಹತ್ತಿರ ಹೋಗಿ. ದೂರ ಅರ್ಧವಾದರೆ ಹಕ್ಕಿಗೆ ಸಿಗುವ ಪಿಕ್ಸೆಲ್‌ಗಳು ನಾಲ್ಕು ಪಟ್ಟು. ಇದನ್ನೇ ಲೆನ್ಸ್ ಹಿಂದೆ ಸೇರಿಸುವ 2 ಪಟ್ಟಿನ ಟೆಲಿಕನ್ವರ್ಟರ್‌ನಿಂದ ಪಡೆಯಲು ಹೋದರೆ ಎರಡು ಸ್ಟಾಪ್ ಬೆಳಕು ಕಳೆದುಕೊಳ್ಳುತ್ತೀರಿ (ಅಂದರೆ ಕಾಲು ಭಾಗ ಬೆಳಕಷ್ಟೇ ಉಳಿಯುತ್ತದೆ), ಶಟರ್ ಮತ್ತೆ ಕೆಳಗಿಳಿಯುತ್ತದೆ. ಹತ್ತಿರ ಅಂದರೆ ಗೂಡಿನ ಹತ್ತಿರ ಅಲ್ಲ ಮತ್ತೆ. ತಾಯಿ ಹಕ್ಕಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗಳಿಗೆ ದಾರಿ ಗೊತ್ತಾಗುತ್ತದೆ. ಅಂಥ ಫೋಟೋ ಎಷ್ಟೇ ಚೂಪಾಗಿರಲಿ, ನಾನು ಆರಿಸುವುದಿಲ್ಲ. ಬೇರೆ ಕಡೆ ತಗ್ಗಿ, ನೇರವಾಗಿ ಹೋಗದೆ ಓರೆಯಾಗಿ, ನಿಧಾನಕ್ಕೆ ಸರಿಯಿರಿ. ಹಕ್ಕಿ ಮೇಯುವುದು ಬಿಟ್ಟು ಕತ್ತೆತ್ತಿದರೆ ಅಲ್ಲೇ ನಿಲ್ಲಿ, ಅದು ಮತ್ತೆ ಮೇಯಲು ಶುರು ಮಾಡಿದ ಮೇಲೆ ಮುಂದಿನ ಹೆಜ್ಜೆ.