ಕಾಕಾನ ಹೆಬ್ಬೆರಳು

ನಿನ್ನೆಯಿಂದ ಹುಬ್ಬಳ್ಳಿಯಲ್ಲಿ ಐಸಿಯು ಹೊರಗೆ ಕೂತಿದ್ದೇವೆ. ಕಾಕಾಗೆ ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ, ಅಯೋರ್ಟಾ, ಉಬ್ಬಿತ್ತು. ಆಪರೇಷನ್ ಆಯಿತು. ಇದರಲ್ಲಿ ಬೆನ್ನುಹುರಿಗೂ ಅಪಾಯ ಅಂತ ಗೊತ್ತೇ ಇರಲಿಲ್ಲ. ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಈ ನಾಳದಿಂದಲೇ ಕವಲೊಡೆಯುತ್ತವಂತೆ. ರಕ್ತ ಕಡಿಮೆಯಾದರೆ ಕಾಲಿನ ಬಲವೇ ಹೋಗಬಹುದು. ಅದಕ್ಕೇ ಸೊಂಟದ ಹತ್ತಿರ ಸಣ್ಣ ನಳಿಕೆ ಹಾಕಿ, ಬೆನ್ನುಹುರಿಯ ಸುತ್ತಲಿನ ನೀರನ್ನು ಹನಿಹನಿಯಾಗಿ ಇಳಿಸುತ್ತಾರೆ. ಆ ನೀರಿನ ಒತ್ತಡ, ಬಿಪಿ ಅಳೆಯುವ ಲೆಕ್ಕದಲ್ಲೇ, 10ರ ಆಸುಪಾಸು ಇರಬೇಕು, ಬಿಪಿ ಮಾತ್ರ ತುಸು ಮೇಲೆಯೇ; ಆಗಲೇ ಬೆನ್ನುಹುರಿಗೆ ರಕ್ತ ಸರಿಯಾಗಿ ಸಿಗುತ್ತದಂತೆ. ಬಿಪಿ ಜಾಸ್ತಿ ಇರಲಿ ಅಂತ ಡಾಕ್ಟರೇ ಹೇಳಿದ್ದನ್ನು ಮೊದಲ ಸಲ ಕೇಳಿದೆ.

ಸಿಸ್ಟರ್ ಗಂಟೆಗೊಮ್ಮೆ "ಕಾಕಾರ, ಕಾಲ್ಬೆರಳು ಅಲ್ಲಾಡಸ್ರಿ" ಅನ್ನುತ್ತಾರೆ. ಬೆಳಗ್ಗೆ ಗಾಜಿನಾಚೆಯಿಂದ ನೋಡಿದೆ. ಚಾದರದ ತುದಿಯಲ್ಲಿ, ಉಗುರ ಸಂದಿಯಲ್ಲಿ ಗದಗಿನ ಎರೆಮಣ್ಣು ಇನ್ನೂ ಉಳಿದಿದ್ದ ಹೆಬ್ಬೆರಳು ಮೆಲ್ಲಗೆ ಮಡಚಿಕೊಂಡಿತು. ಚಿಗವ್ವಗೆ ಫೋನ್ ಹಚ್ಚಿದೆ, ಮಾತೇ ಹೊರಡಲಿಲ್ಲ.